ಅಳಿಸುವ ಅಧಿಕಾರ

ನಮ್ಮೂರಿನ ಗಿರಣಿಯಲ್ಲಿ ಒಂದು ಗೋಡೆಯ ಮೇಲೆ ಬರೆದದ್ದು ಎಲ್ಲ ಗೋಡೆಗಳ ಮೇಲೂ ಮೂಡುತ್ತದೆ. ನೂಲಿನ ಮನೆಯಲ್ಲಿ ಯಾರಾದರೂ ಸೀಮೆಸುಣ್ಣ ಹಿಡಿದು ಒಂದು ಸಾಲು ಗೀಚಿದರೆ, ಅದೇ ಗಳಿಗೆಯಲ್ಲಿ ಮಗ್ಗದ ಮನೆಯಲ್ಲಿ, ಬಣ್ಣದ ಮನೆಯಲ್ಲಿ, ಬಾಯ್ಲರಿನ ಬಳಿ, ಅರಳೆಯ ಗೋದಾಮಿನಲ್ಲಿ, ಕೊನೆಗೆ ನನ್ನ ಕ್ಯಾಂಟೀನಿನ ಒಲೆಯ ಹಿಂದೆ ಕೂಡ ಅದೇ ಅಕ್ಷರಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ಒಂದು ಕಡೆ ಒರೆಸಿದರೆ ಎಲ್ಲ ಕಡೆಯೂ ಹೋಗುತ್ತವೆ. ಅದಕ್ಕೆಂದೇ ಪ್ರತಿ ಕಟ್ಟಡದೊಳಗೂ ಕರಿಗಾರೆ ಬಳಿದ ಒಂದು ದೊಡ್ಡ ಗೋಡೆಯಿದೆ. ಹೊರಗಿನಿಂದ ಕೆಲಸಕ್ಕೆ ಬಂದವರು ಮೊದಲ ದಿನ ಬಾಯಿ ತೆರೆದು ನೋಡುತ್ತ ನಿಲ್ಲುತ್ತಾರೆ. ಮರುದಿನ ತಾವೂ ಸೀಮೆಸುಣ್ಣ ಕೇಳುತ್ತಾರೆ.

ಮಗ್ಗಗಳು ಓಡುವಾಗ ಪಕ್ಕದವರ ಕಿವಿಗೇ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಹಾಗಾಗಿ ಗೋಡೆಯೇ ನಮ್ಮ ಬಾಯಿಯಾಗಿತ್ತು. ಸಾಹೇಬರ ಹುಕುಮು ಅಲ್ಲೇ, ಪಾಳಿ ಬದಲಾದ ಸುದ್ದಿ ಅಲ್ಲೇ, ಯಾರದೋ ಕೋಳಿ ಕಳೆದದ್ದು, ಯಾರಿಗೋ ಗಂಡು ಮಗು ಹುಟ್ಟಿದ್ದು, ಎಲ್ಲವೂ ಅಲ್ಲೇ. ‘ನಿಂಬೆವ್ವನ ಸಾರಿನಾಗ ಉಪ್ಪ ಹುಡುಕಿ ಕೊಟ್ಟವರಿಗೆ ಬಹುಮಾನ’ ಎಂದು ಒಬ್ಬ ಬರೆದರೆ, ‘ನಿನ್ನ ನಾಲಿಗಿ ಮೊದಲ ಹುಡುಕಿ ತಾ’ ಎಂದು ನಾನು ಒಲೆಯ ಹತ್ತಿರ ನಿಂತೇ ಉತ್ತರ ಬರೆಯುತ್ತಿದ್ದೆ. ನಿಂಬೆವ್ವ ಅಂದರೆ ನಾನೇ. ಗಿರಣಿಯ ಅಡಿಗೆಯವಳು.

ಗೋಡೆಯ ಮೇಲೆ ಎಲ್ಲರಿಗಿಂತ ಹೆಚ್ಚು ಬರೆಯುತ್ತಿದ್ದವರು ಇಬ್ಬರು. ಒಬ್ಬರು ಇಮಾಮಸಾಬ. ಹಳೆಯ ನೇಕಾರ. ಮಗ್ಗದ ಸದ್ದಿನಲ್ಲೇ ಅವರ ಕಿವಿ ಪೂರ್ತಿ ಹೋಗಿತ್ತು. ಬಾಯಿಂದ ಮಾತಾಡುತ್ತಿದ್ದರು, ಆದರೆ ಉತ್ತರವನ್ನು ಗೋಡೆಯಿಂದಲೇ ಓದಬೇಕು. ಮೊಮ್ಮಕ್ಕಳ ಜ್ವರದಿಂದ ಹಿಡಿದು ಊರಿನ ಚುನಾವಣೆಯವರೆಗೆ ಅವರ ಹರಟೆಯೆಲ್ಲ ಗೋಡೆಯ ಮೇಲೆಯೇ ನಡೆಯುತ್ತಿತ್ತು. ಇನ್ನೊಬ್ಬ ಶಿವಪುತ್ರ ಹೂಗಾರ. ಬಾಯ್ಲರಿನ ಫಿಟ್ಟರ್. ದಿನಾ ಕೆಲಸ ಶುರು ಮಾಡುವ ಮೊದಲು ತಾನೇ ಕಟ್ಟಿದ ಒಂದು ಒಗಟು ಬರೆಯುವುದು ಅವನ ಚಾಳಿ. ಮಧ್ಯಾಹ್ನದ ಊಟದ ಹೊತ್ತಿಗೆ ಉತ್ತರ ಸಿಗದಿದ್ದರೆ ಜನ ನನ್ನ ಕ್ಯಾಂಟೀನಿಗೆ ಬಂದು ಅವನ ಕೊರಳಪಟ್ಟಿ ಹಿಡಿಯುತ್ತಿದ್ದರು.

ಅವನ ಅಕ್ಕ ಮಧುಮತಿ ನಮ್ಮ ಕಚೇರಿಯಲ್ಲಿ ಹಾಜರಿ ನೋಡಿಕೊಳ್ಳುತ್ತಿದ್ದಳು. ತಂದೆ ತಾಯಿ ಬೇಗ ಹೋದದ್ದರಿಂದ ತಮ್ಮನನ್ನು ಬೆಳೆಸಿದವಳು ಅವಳೇ. ಅವಳ ಅಕ್ಷರ ಮುತ್ತು ಪೋಣಿಸಿದಂತೆ, ಅವಳ ನಡಿಗೆ, ಜಡೆ, ಸೀರೆಯ ನೆರಿಗೆ ಎಲ್ಲವೂ ಹಾಗೆಯೇ. ಗೋಡೆಯ ಮೇಲೆ ಅವಳು ಕೆಲಸದ ಮಾತು ಬಿಟ್ಟು ಬೇರೇನನ್ನೂ ಬರೆದವಳಲ್ಲ. ತಮ್ಮನ ಒಗಟುಗಳನ್ನು ಓದಿ ತುಟಿಯ ಒಂದು ಅಂಚಿನಲ್ಲಿ ನಗುತ್ತಿದ್ದಳು, ಅಷ್ಟೇ.

ಆ ವರ್ಷ ಗೋಡೆ ತೀರಾ ತುಂಬಿ ಹೋಗಿತ್ತು. ಬರೆಯಬೇಕೆಂದವರು ಎಲ್ಲಿ ಜಾಗ ಕಂಡರೂ ಅಲ್ಲಿ ಅಂಗೈಯಿಂದ ಒರೆಸಿ ಬರೆಯುತ್ತಿದ್ದರು. ಒಬ್ಬರ ಸಾಲಿನ ತಲೆಯ ಮೇಲೆ ಇನ್ನೊಬ್ಬರ ಸಾಲಿನ ಕಾಲು. ಒಂದು ಮುಂಜಾನೆ ಬಾಯ್ಲರಿನವರು ‘ಮೂರನೆಯ ಉಗಿ ಕೊಳವೆ ಸೋರುತ್ತಿದೆ, ಯಾರೂ ಮುಟ್ಟಬಾರದು’ ಎಂದು ಬರೆದಿದ್ದರು. ನಾನೇ ಓದಿದ್ದೆ. ಶಿವಪುತ್ರನಿಗೆ ಅಂದು ಸಂಜೆಯ ಪಾಳಿ. ಬಂದವನು ಎಂದಿನಂತೆ ಗೋಡೆಯನ್ನು ಮೇಲಿನಿಂದ ಕೆಳಗೆ ಓದಿದ. ಅಷ್ಟರಲ್ಲಿ ಆ ಸಾಲಿನ ಜಾಗದಲ್ಲಿ ಸೈಕಲ್ಲಿನ ಕೀಲಿ ಕಳೆದ ಸುದ್ದಿ, ಎಮ್ಮೆ ಮಾರುವ ಸುದ್ದಿ, ತೊಟ್ಟಿಲ ಕಾರ್ಯದ ಕರೆ ಇಂಥವೆಲ್ಲ ಬಂದು ಕೂತಿದ್ದವು. ಅವನು ಹೋಗಿ ಮೂರನೆಯ ಕೊಳವೆಯ ತಿರುಪು ತಿರುಗಿಸಿದ. ಬೆಸುಗೆ ಬಿಟ್ಟು ಉಗಿ ನುಗ್ಗಿ ಬಂತು. ಬಲಗೈ ಮೊಣಕೈಯವರೆಗೆ ಬೆಂದು ಹೋಯಿತು.

ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನ ಮೇಲೆ ಮಧುಮತಿ ಕೂತಿದ್ದ ರೀತಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಳಲಿಲ್ಲ. ನಾನು ಕಟ್ಟಿಕೊಂಡು ಹೋದ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಕೇಳಿದಳು: “ಯಾರು ಅಳಿಸಿದ್ರು, ನಿಂಬೆವ್ವಾ?” ಯಾರಿಗೆ ಗೊತ್ತು? ಆ ದಿನ ಆ ಗೋಡೆಗೆ ಎಷ್ಟೋ ಕೈ ಬಿದ್ದಿದ್ದವು.

ಶಿವಪುತ್ರನ ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ ಮರುದಿನವೇ ಅವಳು ಮ್ಯಾನೇಜರ್ ಇನಾಮದಾರ ಸಾಹೇಬರ ಮುಂದೆ ಹೋಗಿ ನಿಂತಳು. “ಆ ಗೋಡಿ ನನ್ನ ಕೈಯಾಗ ಕೊಡ್ರಿ ಸಾಹೇಬ್ರ,” ಎಂದಳು. ಸಾಹೇಬರಿಗೂ ಅದೇ ಬೇಕಿತ್ತು. ಹೀಗೆ ನಮ್ಮ ಗಿರಣಿಗೆ ಮೊದಲ ಸಲ ಗೋಡೆಯ ಮೇಲ್ವಿಚಾರಕಿ ಎಂಬ ಹುದ್ದೆ ಬಂತು.

ಎಲ್ಲ ಗೋಡೆಗಳನ್ನೂ ತೊಳೆಸಿದಳು. ಸೀಮೆಸುಣ್ಣವೆಲ್ಲ ಕಚೇರಿಯ ಕಪಾಟು ಸೇರಿ ಅದಕ್ಕೆ ಬೀಗ ಬಿತ್ತು. ಏನಾದರೂ ಬರೆಯಬೇಕಾದರೆ ಆಯಾ ಮನೆಯ ಮುಖ್ಯಸ್ಥರಿಗೆ ಹೇಳಬೇಕು, ಅವರು ಸಹಿ ಹಾಕಿ ಕಳಿಸಬೇಕು, ಅದು ಸರಿ ಎನಿಸಿದರೆ ಮಧುಮತಿ ತನ್ನ ಕೈಯಿಂದ ಬರೆಯುತ್ತಾಳೆ. ಹರಟೆಯಿಲ್ಲ, ಒಗಟಿಲ್ಲ, ಕೋಳಿಯಿಲ್ಲ. ಗೋಡೆ ಶಾಲೆಯ ಕಾಪಿ ಪುಸ್ತಕದಂತೆ ಚೊಕ್ಕಟವಾಯಿತು. ನಿಜ ಹೇಳುತ್ತೇನೆ, ಮೊದಮೊದಲು ನಮಗೆಲ್ಲ ಹಾಯೆನಿಸಿತು. ಯಾವ ಪಾಳಿ ಯಾವಾಗ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ನನ್ನ ಸಾರಿನ ಸುದ್ದಿಗೂ ಯಾರೂ ಬರುತ್ತಿರಲಿಲ್ಲ. ಸುಟ್ಟ ಕೈಯ ನೆನಪು ಎಲ್ಲರೊಳಗೂ ಹಸಿಯಾಗಿತ್ತು. ಯಾರೂ ಎದುರಾಡಲಿಲ್ಲ.

ಆಮೇಲೆ ಒಂದೊಂದಾಗಿ ಬೇರೆ ಸಂಗತಿಗಳು ಕಣ್ಣಿಗೆ ಬಿದ್ದವು. ಇಮಾಮಸಾಬ ಊಟಕ್ಕೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂಡತೊಡಗಿದರು. ಮೊದಲು ಗೋಡೆಗೆ ಮುಖ ಮಾಡಿ ಕೂತು, ಒಂದು ತುತ್ತು ಉಂಡು ಒಂದು ಸಾಲು ಓದಿ ನಗುತ್ತಿದ್ದ ಮನುಷ್ಯ. “ಯಾಕ್ರೀ, ಈ ಕಡೆ ಕುಂತೀರಿ?” ಎಂದು ನಾನು ಕೈಸನ್ನೆ ಮಾಡಿ ಕೇಳಿದೆ. “ಅಲ್ಲಿ ಯಾರೂ ಇಲ್ಲ, ನಿಂಬೆವ್ವಾ,” ಎಂದರು.

ಮಗ್ಗದ ಮನೆಗೆ ಒಂದು ಕೆಟ್ಟ ನೂಲು ಬಂತು. ಹಿಂದೆಲ್ಲ ಅಂಥ ನೂಲು ಒಂದು ಮಗ್ಗದಲ್ಲಿ ಹರಿದರೆ ಸಾಕು, ನೇಕಾರ ಗೋಡೆಯ ಮೇಲೆ ಒಂದು ಸಾಲು ಎಳೆಯುತ್ತಿದ್ದ, ಉಳಿದವರು ಆ ಉಂಡೆಗಳನ್ನು ಬದಿಗಿಡುತ್ತಿದ್ದರು. ಈಗ ಅದಕ್ಕೆ ಮುಖ್ಯಸ್ಥರನ್ನು ಹುಡುಕಬೇಕು, ಅವರ ಸಹಿ ಬೇಕು, ಮೇಲೆ ಮಧುಮತಿಬಾಯಿಯ ಒಪ್ಪಿಗೆ ಬೇಕು. ‘ನನಗ್ಯಾಕ ಬೇಕು ಈ ಉಸಾಬರಿ’ ಎಂದು ಒಬ್ಬೊಬ್ಬರೂ ತಮ್ಮ ಹರಿದ ಎಳೆಯನ್ನು ಗಂಟು ಹಾಕಿ ಸುಮ್ಮನಾದರು. ಎಲ್ಲರಿಗೂ ಗೊತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಬಾಯಿ ಮುಚ್ಚಿದರೆ ಮಾತು ಮೂಗಿನಿಂದ ಬರುತ್ತದಂತೆ. ಜನ ಅರಳೆ ಚೀಲಗಳ ಮೇಲೆ ಬರೆದರು, ನನ್ನ ರೊಟ್ಟಿ ಬುಟ್ಟಿಯಲ್ಲಿ ಚೀಟಿ ಇಟ್ಟು ಒಂದು ಮನೆಯಿಂದ ಇನ್ನೊಂದು ಮನೆಗೆ ಕಳಿಸಿದರು. ಗಿರಣಿ ಮುಚ್ಚುತ್ತಾರೆ ಎಂಬ ಗಾಳಿಸುದ್ದಿ ಹಾಗೆಯೇ ಹುಟ್ಟಿ, ಒಂದು ವಾರದಲ್ಲಿ ಹೆಂಗಸರು ಕಣ್ಣೀರು ಹಾಕುವಷ್ಟು ಬೆಳೆಯಿತು. ಗೋಡೆ ಮಾತ್ರ ತನ್ನ ಪಾಡಿಗೆ ತಾನು ಚೊಕ್ಕಟವಾಗಿ, ಪಾಳಿಯ ವೇಳೆ ತೋರಿಸುತ್ತ ನಿಂತಿತ್ತು.

ಇಂಥ ಹೊತ್ತಿನಲ್ಲಿ ಶಿವಪುತ್ರ ಕೆಲಸಕ್ಕೆ ಮರಳಿದ. ಬಲಗೈಯ ಬೆರಳು ಮಡಚುತ್ತಿರಲಿಲ್ಲ. ಬಾಯ್ಲರಿಗೆ ಬೇಡವೆಂದು ಅವನನ್ನು ಉಗ್ರಾಣಕ್ಕೆ ಹಾಕಿದ್ದರು. ಮೊದಲ ದಿನ ಉಗ್ರಾಣಕ್ಕೂ ಹೋಗದೆ ನೆಟ್ಟಗೆ ಕ್ಯಾಂಟೀನಿಗೆ ಬಂದ. ಊಟದ ಹೊತ್ತು, ಜನ ತುಂಬಿದ್ದರು. ಎಲ್ಲರೂ ಎದ್ದು ಅವನನ್ನು ಸುತ್ತುವರಿದು ಬೆನ್ನು ತಟ್ಟುತ್ತಿದ್ದರೆ, ಅವನು ಅವರ ತಲೆಗಳ ಮೇಲಿಂದ ಗೋಡೆಯನ್ನೇ ನೋಡುತ್ತಿದ್ದ.

“ಇದೇನ ನಿಂಬೆವ್ವತ್ತೀ, ಗೋಡಿಗೇನ ಸೂತಕ ಬಂದೈತೇನು?”

ಯಾರೂ ನಗಲಿಲ್ಲ. ಮೂಲೆಯ ಮೇಜಿನಲ್ಲಿ ಮಧುಮತಿ ಊಟಕ್ಕೆ ಕೂತಿದ್ದಳು. ತುತ್ತು ಕೆಳಗಿಟ್ಟು, “ಸೂತಕ ಬರಬಾರದು ಅಂತನ ಹಿಂಗ ಮಾಡೇನಿ. ನಿನ್ನ ಸಲುವಾಗಿ,” ಎಂದಳು.

“ನನ್ನ ಸಲುವಾಗಿ?” ಶಿವಪುತ್ರ ಅವಳ ಎದುರಿಗೆ ಹೋಗಿ ನಿಂತ. “ಆಸ್ಪತ್ರ್ಯಾಗ ಮಲಕೊಂಡ ನಾ ಏನ್ ವಿಚಾರ ಮಾಡ್ತಿದ್ದೆ ಗೊತ್ತೈತೇನ ಅಕ್ಕಾ? ಹೋಗಿ ಯಾವ ಒಗಟ ಬರೀಲಿ ಅಂತ. ಅದೊಂದ ನೆನಸಕೊಂಡು ರಾತ್ರಿ ಕಳದೇನಿ. ನನ್ನ ಸಲುವಾಗಿ ಎಲ್ಲಾರ ಬಾಯಿ ಹೊಲದ ಇಟ್ಟೀಯಲ್ಲ, ನಾ ಕೇಳಿದ್ನೇನ ನಿನಗ?”

“ನೀ ಕೇಳೂದಿಲ್ಲ. ಸುಟಗೊಂಡ ಬರ್ತೀ,” ಎಂದಳು ಮಧುಮತಿ.

ಶಿವಪುತ್ರ ನನ್ನ ಒಲೆಯ ಬಾಯಿಂದ ಆರಿದ ಇದ್ದಿಲ ಚೂರೊಂದನ್ನು ಹೆಕ್ಕಿದ. ಕರಿಗಾರೆಯ ಮೇಲೆ ಇದ್ದಿಲು ಕಾಣುವುದಿಲ್ಲ ಎಂದು ಹೊಳೆದಿರಬೇಕು, ಅದನ್ನು ಬಿಸಾಡಿ ರೊಟ್ಟಿಯ ಹಿಟ್ಟಿನಲ್ಲಿ ಎಡಗೈ ಬೆರಳು ಅದ್ದಿದ. ಅಂಕುಡೊಂಕಾಗಿ, ಅಂಗನವಾಡಿಯ ಮಗುವಿನಂತೆ ಬರೆಯತೊಡಗಿದ: ‘ಬಾಯಿಲ್ಲದಾಕಿ ಊರಿಗೆಲ್ಲ ಸುದ್ದಿ ಹೇಳ್ತಿದ್ಲು. ಈಗ ಅಕಿಗೆ ಬಾಯಿ ಐತಿ, ಬೀಗಾನೂ ಐತಿ. ಯಾರು?’

ಎಲ್ಲ ಗೋಡೆಗಳ ಮೇಲೂ ಆ ಹಿಟ್ಟಿನ ಅಕ್ಷರ ಎದ್ದಿರಬೇಕು. ಮಗ್ಗದ ಮನೆಯ ಕಡೆಯಿಂದ ಸದ್ದು ಒಂದಿಷ್ಟು ಇಳಿಯಿತು, ಒಂದಿಷ್ಟು ಮಗ್ಗ ನಿಂತವು ಎಂದರ್ಥ. ಹೊರಗೆಲ್ಲೋ ಯಾರೋ ಕೇಕೆ ಹಾಕಿದರು. ಇಮಾಮಸಾಬ ತಿರುಗಿ ಕೂತು, ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಹಿಂಬಾಲಿಸುತ್ತ ಓದಿ, ತೊಡೆ ತಟ್ಟಿದರು. ಕ್ಯಾಂಟೀನಿನ ತುಂಬ ನಗು ಹರಡಿತು.

ಮಧುಮತಿ ಎದ್ದಳು. ಮೇಜು ಒರೆಸುವ ಒದ್ದೆ ಬಟ್ಟೆಯನ್ನು ನನ್ನ ಕೈಯಿಂದಲೇ ತೆಗೆದುಕೊಂಡಳು. ತಮ್ಮನ ಮುಖ ನೋಡದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒರೆಸತೊಡಗಿದಳು. ನಗು ನಿಂತು ಹೋಯಿತು.

“ಒರಸಬ್ಯಾಡ್ರೀ ಬಾಯಾರ!”

ಕೂಗಿದವಳು ಫಕೀರವ್ವ. ಅರಳೆಯ ಗೋದಾಮಿನಲ್ಲಿ ಒತ್ತಿ ಕಟ್ಟಿದ ಅಂಡಿಗೆಗಳನ್ನು ಬಿಡಿಸುವ ಹೆಂಗಸು, ಐವತ್ತರ ಮೇಲಾಗಿದೆ, ದೊಡ್ಡ ದನಿಯಲ್ಲಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ತಟ್ಟೆ ಬಿಟ್ಟು ಎದ್ದು ಬಂದವಳು ಮಧುಮತಿಯ ಮುಂದೆ ನಿಂತು ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. “ಈ ಸೆರಗರೀ. ಅವತ್ತ ಈ ಸೆರಗಿಲೇ ನಾ ಒರಸಿದ್ದು. ಮೊಮ್ಮಗಳನ್ನ ತೊಟ್ಲದಾಗ ಹಾಕೂದಿತ್ತು. ಬರಸಾಕ ಒಂದೀಟ ಜಾಗಾ ಬೇಕಾಗಿತ್ತು. ಅಲ್ಲಿ ಏನ್ ಬರದಿತ್ತೋ ನನಗೇನ ಗೊತ್ರೀ, ನನಗ ಓದಾಕ ಬರೂದಿಲ್ಲ. ಎಲ್ಲಾ ಬೆಳ್ಳನ್ನ ಗೆರಿ ಕಂಡಂಗ ಕಂಡ್ತು. ಒಂದ ಮೂಲಿ ಒರಸಿ, ಬಣ್ಣದ ಮನಿ ಹುಡುಗಿ ಕಡೆ ಬರಸಿದೆ. ಮರುದಿನ ಜನಾ ಹೇಳೂಮಟ ನನಗ ತಿಳೀಲಿಲ್ಲ. ಹೇಳಾಕ ಬಾಯಿ ಬರಲಿಲ್ಲ.”

ಆಮೇಲೆ ಅವಳು ಶಿವಪುತ್ರನ ಕಡೆ ತಿರುಗಿದಳು. ಅವನ ಮಡಚದ ಕೈಯನ್ನೇ ನೋಡುತ್ತ ನಿಂತಳು.

“ಕೂಸಿಗೆ ಏನ್ ಹೆಸರ ಇಟ್ರಿ?” ಎಂದ ಶಿವಪುತ್ರ.

“ಬಂಗಾರೆವ್ವ,” ಎಂದಳು ಫಕೀರವ್ವ. ಎಂದವಳೇ ಅಲ್ಲಿಯೇ ಕುಸಿದು ಕೂತು ಅತ್ತಳು. ಶಿವಪುತ್ರ ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಡಗೈಯಿಂದ ಅವಳ ಭುಜ ಹಿಡಿದುಕೊಂಡ. ಮಧುಮತಿ ಒದ್ದೆ ಬಟ್ಟೆಯನ್ನು ಮೇಜಿನ ಮೇಲಿಟ್ಟು, ಅರ್ಧ ಉಂಡ ತಟ್ಟೆಯನ್ನು ಹಾಗೆಯೇ ಬಿಟ್ಟು ಹೊರಟು ಹೋದಳು. ಗೋಡೆಯ ಮೇಲೆ ಒಗಟಿನ ಕೊನೆಯ ಪದ ಉಳಿದಿತ್ತು: ‘ಯಾರು?’

ಆ ಸಂಜೆ ಅವಳು ಮತ್ತೆ ಬಂದಳು, ಜನವೆಲ್ಲ ಹೋದ ಮೇಲೆ. ನಾನು ಪಾತ್ರೆ ತೊಳೆಯುತ್ತಿದ್ದೆ. ಗೋಡೆಯ ಮುಂದೆ ನಿಂತು ಹೇಳಿದಳು: “ಇಷ್ಟ ದಿನಾ ನಾ ಒಬ್ಬ ಕೆಟ್ಟ ಮನಶಾನ್ನ ಹುಡುಕಾಕತ್ತಿದ್ದೆ, ನಿಂಬೆವ್ವಾ. ಕಣ್ಣ ಮುಚ್ಚಿದ್ರ ಅವನ ಕೈ ಕಾಣತಿತ್ತು. ಆ ಕೈ ಫಕೀರವ್ವಂದು ಅಂದ್ರ ನಾ ಏನ್ ಮಾಡ್ಲಿ?” ನಾನು ಚಹಾ ಕೊಟ್ಟೆ. ಅದನ್ನು ಆರಲು ಬಿಟ್ಟು ಮತ್ತೆ ಹೇಳಿದಳು, “ಬರದದ್ದಕ್ಕ ನನ್ನ ತಮ್ಮನ ಕೈ ಸುಡಲಿಲ್ಲ. ಅಳಿಸಿದ್ದಕ್ಕ ಸುಡ್ತು. ನಾ ಬರಿಯೂದಕ್ಕ ಬೀಗ ಹಾಕಿದೆ. ಅಳಸೂದನ್ನ ಮಾತ್ರ ನನ್ನ ಕೈಯಾಗ ಇಟಗೊಂಡೆ.”

ಮಾರನೆಯ ದಿನ ಅವಳು ಮಾಡಿದ ಮೊದಲ ಕೆಲಸವೆಂದರೆ ಗೋದಾಮಿಗೆ ಹೋದದ್ದು. ಅರಳೆಯ ಅಂಡಿಗೆಗಳ ನಡುವೆ ನೆಲದ ಮೇಲೆ ಕೂತು ಫಕೀರವ್ವನನ್ನು ಕೇಳಿದಳಂತೆ: ಓದಲು ಬಾರದ ನಿನಗೆ ಯಾವುದನ್ನು ಮುಟ್ಟಬಾರದೆಂದು ಹೇಗೆ ತಿಳಿಯಬೇಕು? ಫಕೀರವ್ವ ಹೆದರುತ್ತಲೇ, “ಕೆಂಪ ಮಾಡ್ರಿ ಬಾಯಾರ. ಕೆಂಪಿಗೆ ಯಾರೂ ಕೈ ಹಚ್ಚೂದಿಲ್ಲ,” ಎಂದಳಂತೆ. ಅಲ್ಲಿಂದ ಮಧುಮತಿ ಬಣ್ಣದ ಮನೆ, ನೂಲಿನ ಮನೆ, ಬಾಯ್ಲರು, ಒಂದನ್ನೂ ಬಿಡದೆ ತಿರುಗಿದಳು. ಇಮಾಮಸಾಬರ ಮುಂದೆ ಒಂದು ಸ್ಲೇಟು ಇಟ್ಟು ಕೂತಳು. ಬೈದವರ ಮಾತನ್ನೂ ಕೇಳಿಸಿಕೊಂಡಳು. ಪೂರ್ತಿ ಬೀಗ ತೆಗೆಯಿರಿ ಎಂದವರಿಗೆ, “ಪೂರ್ತಿ ತಗದ್ರ ಮತ್ತೊಬ್ಬರ ಕೈ ಸುಡತೈತಿ,” ಎಂದು ತಿರುಗಿ ಬೈದಳು. ಅವಳೇನು ಒಂದೇ ದಿನದಲ್ಲಿ ಬೆಣ್ಣೆಯಾಗಲಿಲ್ಲ.

ಕೊನೆಗೆ ಅವಳ ಮನಸ್ಸಿನಲ್ಲಿ ಒಂದು ಏರ್ಪಾಡು ಮೂಡಿತು. ಗೋಡೆಯ ನೆತ್ತಿಯಲ್ಲಿ ಕೆಂಪು ಗೆರೆ ಸುತ್ತಿದ ಒಂದು ಪಟ್ಟಿ. ಅಪಾಯದ ಮಾತು ಅಲ್ಲಿ, ಕೆಂಪು ಸೀಮೆಸುಣ್ಣದಲ್ಲಿ. ಅದನ್ನು ಯಾರು ಬೇಕಾದರೂ ಬರೆಯಬಹುದು, ಯಾರ ಸಹಿಯೂ ಬೇಡ. ಅಳಿಸಬೇಕಾದರೆ ಮಾತ್ರ ಆ ಜಾಗಕ್ಕೆ ಹೋಗಿ, ಕಣ್ಣಾರೆ ನೋಡಿ, ಅಪಾಯ ಹೋಯಿತೆಂದು ಖಾತ್ರಿ ಮಾಡಿಕೊಂಡವರೇ ಅಳಿಸಬೇಕು. ನಡುವಿನ ಭಾಗದಲ್ಲಿ ಗಿರಣಿಯ ಕೆಲಸ: ಪಾಳಿ, ಹುಕುಮು, ನೂಲಿನ ಗುಣ. ಪ್ರತಿ ಮನೆಗೂ ಅಲ್ಲೊಂದು ಕಿಟಕಿಯಷ್ಟು ಜಾಗ, ಅದನ್ನು ನೋಡಿಕೊಳ್ಳಲು ಆ ಮನೆಯವರೇ ಆರಿಸಿದ ಒಬ್ಬರು. ಕೆಳಗಿನದೆಲ್ಲ ಎಲ್ಲರದು. ಕೋಳಿ, ಎಮ್ಮೆ, ಒಗಟು, ನನ್ನ ಸಾರು. ಸಂತೆಯ ದಿನ ಸಂಜೆ ಅದನ್ನು ತೊಳೆಯುತ್ತಾರೆ, ಅಲ್ಲಿಯವರೆಗೆ ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

ಇದನ್ನು ಸಾಹೇಬರಿಗೆ ಹೇಳುವಾಗ ನಾನು ಚಹಾ ತೆಗೆದುಕೊಂಡು ಅಲ್ಲಿಯೇ ಇದ್ದೆ. ಇನಾಮದಾರ ಸಾಹೇಬರು ಕೆಟ್ಟವರಲ್ಲ, ಆದರೆ ಚೊಕ್ಕಟ ಗೋಡೆ ಅವರಿಗೆ ಬಹಳ ಹಿಡಿಸಿತ್ತು. ನೋಡಲು ಬಂದ ದೊಡ್ಡವರಿಗೆಲ್ಲ ಅದನ್ನೇ ತೋರಿಸುತ್ತಿದ್ದರು. “ಬೀಗ ಹಾಕ್ರಿ ಅಂದವ್ರೂ ನೀವೇ, ತಗೀರಿ ಅನ್ನವ್ರೂ ನೀವೇ,” ಎಂದರು. “ಗಿರಣಿ ಅಂದ್ರ ಹುಡುಗಾಟ ಅಂತ ತಿಳಕೊಂಡೀರೇನು? ಅಲ್ಲದ ಈಗ ಮೊದಲೇ ಮಾಲು ವಾಪಸ್ ಬರ್ಲಿಕತ್ತದ. ನನಗ ಅದರ ಚಿಂತಿ ಹತ್ತೇದ.”

ಮಧುಮತಿ ಬಗಲಲ್ಲಿ ತಂದಿದ್ದ ಒಂದು ಬಟ್ಟೆಯನ್ನು ಅವರ ಮೇಜಿನ ಮೇಲೆ ಹರಡಿದಳು. ವಾಪಸು ಬಂದ ಮಾಲಿನ ತುಂಡು. ಅಲ್ಲಲ್ಲಿ ಎಳೆ ಹರಿದು, ಗಂಟು ಬಿದ್ದು, ಸೊಳ್ಳೆ ಪರದೆಯಂತಾಗಿತ್ತು.

“ಈ ನೂಲ ಕೆಟ್ಟೈತಿ ಅಂತ ನೇಯ್ದವರಿಗೆಲ್ಲಾ ಗೊತ್ತಿತ್ತು ಸಾಹೇಬ್ರ. ಮೊದಲನೇ ದಿನಾನ ಗೊತ್ತಿತ್ತು. ಗೊತ್ತಿಲ್ಲದವರು ಇಡೀ ಗಿರಣ್ಯಾಗ ಇಬ್ಬರ. ನೀವೊಬ್ರು, ನಾನೊಬ್ಬಾಕಿ.”

ಸಾಹೇಬರು ಬಟ್ಟೆಯ ಒಂದು ತೂತಿನಲ್ಲಿ ಬೆರಳು ತೂರಿಸಿ ಬಹಳ ಹೊತ್ತು ನೋಡಿದರು. “ಬರೋ ಹಬ್ಬದ ತನಕಾ ನೋಡೋಣ,” ಎಂದರು ಕೊನೆಗೆ. “ಆದ್ರ ಏನರೆ ಹೆಚ್ಚುಕಮ್ಮಿ ಆದ್ರ ಈ ಹುದ್ದೆನೂ ಇಲ್ಲ, ನಿಮ್ಮ ಹಾಜರಿ ಕೆಲಸಾನೂ ಇಲ್ಲ. ತಿಳೀತ?”

“ತಿಳೀತ್ರಿ,” ಎಂದಳು.

ಬೀಗ ತೆಗೆದ ದಿನ ಗೋಡೆಯ ಕೆಳಭಾಗ ಮಧ್ಯಾಹ್ನದೊಳಗೆ ತುಂಬಿ ಹೋಯಿತು. ಇಷ್ಟು ದಿನ ಹಿಡಿದಿಟ್ಟ ಮಾತೆಲ್ಲ ಒಮ್ಮೆಗೇ ಬಂದಿತ್ತು. ಇಮಾಮಸಾಬರು ಊಟ ಮರೆತು ಬರೆದರು. ಗಿರಣಿ ಮುಚ್ಚುವ ಸುದ್ದಿಯನ್ನು ಯಾರೋ ಕೇಳಿದರು, ಸಾಹೇಬರು ತಾವೇ ಬಂದು ‘ಸುಳ್ಳು’ ಎಂದು ಬರೆದರು, ಅಲ್ಲಿಗೆ ಅದು ಸತ್ತಿತು. ಮಧುಮತಿ ಕ್ಯಾಂಟೀನಿನಲ್ಲಿ ನಿಂತು ಆ ಸೊಟ್ಟ ಸಾಲುಗಳನ್ನು, ತಪ್ಪು ಕಾಗುಣಿತವನ್ನು ನೋಡುತ್ತಿದ್ದಳು. ಅವಳ ಕೈ ಒರೆಸುವ ಬಟ್ಟೆಯ ಕಡೆಗೆ ತಾನಾಗಿಯೇ ಹೋಗುತ್ತಿತ್ತು. ನಾನು ಬಟ್ಟೆಯನ್ನು ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಕೆಂಪು ಪಟ್ಟಿ ಬಹಳ ದಿನ ಖಾಲಿ ಇತ್ತು. ಆಗಾಗ ಯಾರಾದರೂ ‘ಮೆಟ್ಟಿಲ ಮೇಲೆ ಎಣ್ಣೆ ಚೆಲ್ಲಿದೆ’ ಎಂದು ಬರೆಯುವರು, ಮಧುಮತಿಯೋ ಇನ್ನೊಬ್ಬರೋ ಹೋಗಿ ನೋಡಿ, ಒರೆಸಿ ಬರುವರು. ಹಬ್ಬ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ನಾನು ಹಿಟ್ಟು ನಾದುತ್ತಿದ್ದೆ, ತಲೆಯೆತ್ತಿದರೆ ನೆತ್ತಿಯ ಪಟ್ಟಿಯಲ್ಲಿ ಕೆಂಪು ಸೀಮೆಸುಣ್ಣದ ಗೀರುಗಳು ಒಂದರ ಮೇಲೊಂದು ಬೀಳುತ್ತಿದ್ದವು. ಅಕ್ಷರವಲ್ಲ. ನಾಲಗೆ ನಾಲಗೆಯಾಗಿ ಮೇಲೇಳುವ ಉರಿಯ ಚಿತ್ರ. ಬರೆಯುವ ಕೈ ಎಷ್ಟು ಒತ್ತುತ್ತಿತ್ತೆಂದರೆ ಗಾರೆಯೇ ಕಿತ್ತು ಬರುವಂತಿತ್ತು.

ಮಗ್ಗಗಳು ಸಾಲು ಸಾಲಾಗಿ ನಿಂತವು. ಅಂಥ ಮೌನವನ್ನು ನಾನು ಆ ಗಿರಣಿಯಲ್ಲಿ ಎಂದೂ ಕೇಳಿರಲಿಲ್ಲ. ಮರುಕ್ಷಣ ಎಲ್ಲ ಬಾಗಿಲುಗಳಿಂದ ಜನ ಹೊರಗೆ ಬಿದ್ದರು. ಬಂದವರು ಎಲ್ಲಿಗೆ ಓಡಬೇಕೆಂದು ತಿಳಿಯದೆ ಅಂಗಳದಲ್ಲಿ ಸುತ್ತತೊಡಗಿದರು. ಬಾಯ್ಲರಿನವರು ಬಾಯ್ಲರಿಗೆ ಓಡಿದರು, ಬಣ್ಣದವರು ಬಣ್ಣದ ಮನೆಗೆ. ಗೋಡೆ ಉರಿಯನ್ನು ತೋರಿಸಿತ್ತು, ಊರನ್ನು ತೋರಿಸಿರಲಿಲ್ಲ. ಮಧುಮತಿ ಅಂಗಳದ ನಡುವೆ ನಿಂತು “ಎಲ್ಲೆ? ಎಲ್ಲೆ ಐತಿ?” ಎಂದು ಕೂಗುತ್ತಿದ್ದಳು. ಈ ಗದ್ದಲದಲ್ಲಿ ಇಮಾಮಸಾಬರೊಬ್ಬರೇ ಯಾರ ಕೂಗಿಗೂ ತಿರುಗದೆ, ಕಣ್ಣಿಗೆ ಕೈ ಅಡ್ಡ ಹಿಡಿದು ಮಾಡುಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಹಠಾತ್ತನೆ ಅವಳ ಮುಂದೆ ಬಂದು ಚಪ್ಪಾಳೆ ತಟ್ಟಿ ಕೈ ಚಾಚಿದರು. ಅರಳೆಯ ಗೋದಾಮಿನ ಹೆಂಚಿನ ಸಂದಿಯಿಂದ ಎಳೆಯಷ್ಟು ಹೊಗೆ ಏಳುತ್ತಿತ್ತು.

ಅಂಡಿಗೆಗಳ ಒಳಗೆ ಕಿಚ್ಚು ಹೊಗೆಯಾಡುತ್ತಿತ್ತು. ಅರಳೆಯ ಕಿಚ್ಚು ಮೊದಲು ಉರಿಯುವುದಿಲ್ಲ, ಒಳಗೊಳಗೇ ತಿನ್ನುತ್ತದೆ. ಬಾಗಿಲ ಹತ್ತಿರದ ಅಂಡಿಗೆಗಳೇ ಹೊಗೆಯಾಡುತ್ತಿದ್ದುದರಿಂದ, ಇನ್ನೊಂದಿಷ್ಟು ತಡವಾಗಿದ್ದರೆ ಹಿಂಭಾಗದಲ್ಲಿದ್ದ ಹೆಂಗಸರಿಗೆ ದಾರಿಯಿರುತ್ತಿರಲಿಲ್ಲ. ಗಿರಣಿಗೆ ಗಿರಣಿಯೇ ಅಲ್ಲಿ ಸೇರಿತು. ನೀರು, ಮರಳು, ಒದ್ದೆ ಗೋಣಿ. ನಾನು ಸಾರಿನ ಹಂಡೆಯನ್ನೇ ಹೊರಿಸಿ ತಂದೆ. ಶಿವಪುತ್ರ ಸಾಲಿನಲ್ಲಿ ನಿಂತು ಎಡಗೈಯಿಂದ ಬಕೆಟ್ ದಾಟಿಸುತ್ತಿದ್ದ. ಮಧುಮತಿ ಒಳಗೆ ನುಗ್ಗಿ ಒಬ್ಬೊಬ್ಬ ಹೆಂಗಸನ್ನೂ ರಟ್ಟೆ ಹಿಡಿದು ಹೊರಗೆ ತಂದಳು. ಕೊನೆಗೆ ಬಂದವಳು ಫಕೀರವ್ವ. ಗೋಡೆಯ ಹತ್ತಿರವೇ ನಿಂತಿದ್ದಳಂತೆ. ಅಂಗೈಯೆಲ್ಲ ಕೆಂಪಾಗಿತ್ತು. “ನೀವು ನೋಡಿದಿರೋ ಇಲ್ಲೋ ಅಂತ ಬಿಟ್ಟ ಬರಾಕ ಧೈರ್ಯ ಆಗಲಿಲ್ರಿ,” ಎಂದಳು ಕೆಮ್ಮುತ್ತ. “ಬರಿತಾನ ಇದ್ದೆ.”

ಒಂದಿಷ್ಟು ಅಂಡಿಗೆ ಸುಟ್ಟವು. ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಸಾಹೇಬರು ಬಂದು ಹೊಗೆಯಾಡುವ ಬಾಗಿಲನ್ನೂ, ಅಂಗಳದಲ್ಲಿ ಕೆಮ್ಮುತ್ತ ಕೂತ ಹೆಂಗಸರನ್ನೂ ನೋಡಿದರು. ಇಡೀ ಗಿರಣಿ ನಿಂತದ್ದಕ್ಕೆ ಏನೋ ಹೇಳುತ್ತಾರೆ ಎಂದುಕೊಂಡೆವು. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು, “ಹಬ್ಬದ ಮಾತು ಬಿಡ್ರಿ. ಗೋಡಿ ಹಿಂಗೇ ಇರ್ಲಿ,” ಎಂದು ಹೇಳಿ ಗೋದಾಮಿನ ಒಳಗೆ ಹೋದರು.

ಜನ ಮಧುಮತಿಯನ್ನು ಹೊಗಳಿದರು. ಅವಳಿಗೆ ಅದು ರುಚಿಸಲಿಲ್ಲ. ಅಂಗಳದಲ್ಲಿ ಎಲ್ಲರೂ ದಿಕ್ಕು ತಪ್ಪಿ ಸುತ್ತಿದ ಆ ಹೊತ್ತು ಅವಳ ತಲೆಯಲ್ಲಿ ಕುಳಿತಿತ್ತು. ಮಾರನೆಯ ಮುಂಜಾನೆ ಕ್ಯಾಂಟೀನಿಗೆ ಬಂದು, ಸ್ಟೂಲು ಹಾಕಿಕೊಂಡು ಹತ್ತಿ, ಕೆಂಪು ಪಟ್ಟಿಯನ್ನು ಮನೆಗೊಂದರಂತೆ ಭಾಗ ಮಾಡಿದಳು. ಓದು ಬಾರದವರಿಗೂ ತಿಳಿಯಲೆಂದು ಒಂದೊಂದು ಭಾಗದ ಮೇಲೂ ಒಂದೊಂದು ಗುರುತು: ನೇಯುವವರಿಗೆ ಲಾಳಿ, ಗೋದಾಮಿಗೆ ಅರಳೆ ಕಾಯಿ, ನನಗೆ ರೊಟ್ಟಿ. ರೊಟ್ಟಿ ನೋಡಿದರೆ ಚಂದ್ರನಂತಿತ್ತು, ಆದರೂ ನಾನು ಸುಮ್ಮನಿದ್ದೆ. ಆಮೇಲೆ ಕೆಳಗಿಳಿದು, ನಡುವಿನ ಭಾಗದಲ್ಲಿ ತನ್ನ ಮುತ್ತಿನಂಥ ಅಕ್ಷರದಲ್ಲಿ, ಗಿರಣಿಯ ಸೈರನ್ ಆದ ಭೋಂಗಾದ ಬಗ್ಗೆ ಹೊಸ ನಿಯಮ ಬರೆದಳು:

‘ಕೆಂಪು ಗುರುತು ಬಿದ್ದ ಕೂಡಲೇ ಭೋಂಗಾ ಊದಲಾಗುವುದು. ಭೋಂಗಾ ಕೇಳಿದವರು ತಕ್ಷಣ ಕೆಲಸ ನಿಲ್ಲಿಸಿ ಹೊರಗೆ ಬರತಕ್ಕದ್ದು.’

ಕೊನೆಯ ಚುಕ್ಕೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವಳಿಗೆ ತೃಪ್ತಿಯಾಗಿತ್ತು. ಅಷ್ಟರಲ್ಲಿ ಆ ಸಾಲಿನ ಕೆಳಗೆ, ಅವಳ ಅಚ್ಚುಕಟ್ಟಾದ ಅಂಚನ್ನು ದಾಟಿ, ಒಂದು ದಪ್ಪ ಒರಟು ಅಕ್ಷರ ಮೂಡತೊಡಗಿತು. ಮಗ್ಗದ ಮನೆಯಿಂದ ಇಮಾಮಸಾಬರ ಕೈ.

‘ಕೇಳದವರು ಏನು ಮಾಡತಕ್ಕದ್ದು?’

ನಾನು ಮಧುಮತಿಯ ಮುಖ ನೋಡಿದೆ. ಆ ಸಾಲು ಇದ್ದದ್ದು ನಡುವಿನ ಭಾಗದಲ್ಲಿ, ಅಲ್ಲಿ ಹಾಗೆಲ್ಲ ಬರೆಯುವಂತಿಲ್ಲ. ಒರೆಸುವ ಬಟ್ಟೆ ಅವಳ ಹೆಗಲ ಮೇಲೆಯೇ ಇತ್ತು. ಅವಳು ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ತುಟಿಯ ಅಂಚು ಅಲುಗಿತು. ಆಮೇಲೆ ಹಲ್ಲು ಕಾಣುವಂತೆ, ಸದ್ದು ಮಾಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಗು ನಿಂತ ಮೇಲೆ ಸೀಮೆಸುಣ್ಣ ಎತ್ತಿಕೊಂಡು ಅವರ ಸಾಲಿನ ಕೆಳಗೆ ಬರೆದಳು: ‘ನೀವೇ ಹೇಳಿರಿ.’

ನಂತರ ನೂಲಿನ ಮನೆಯಿಂದ ಯಾರೋ, ‘ಪಕ್ಕದ ಮಗ್ಗದವರು ಭುಜಾ ತಟ್ಟಬೇಕು’ ಎಂದು ಬರೆದರು. ‘ನನ್ನ ಪಕ್ಕದಾಂವ ದಿನಾ ತೂಕಡಸ್ತಾನ’ ಎಂದಿತು ಒರಟು ಅಕ್ಷರ. ಬಣ್ಣದ ಮನೆಯಿಂದ, ‘ಒಂದು ಕೆಂಪು ದೀಪ ತೂಗು ಹಾಕಿದರೆ?’ ಅದರ ಮೇಲೆ ಇನ್ನೊಂದು, ಅದಕ್ಕೆ ಮರುಮಾತು. ಮಧುಮತಿ ಸ್ಟೂಲನ್ನು ಗೋಡೆಯ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಕಣ್ಣು ಗೋಡೆಯ ಮೇಲಿಂದ ತೆಗೆಯದೆ, “ನಿಂಬೆವ್ವಾ, ಒಂದ ಕಪ್ ಚಹಾ ಕೊಡು,” ಎಂದಳು. “ಇದು ಲಗೂನ ಮುಗಿಯೂದಲ್ಲ.”